ತಣ್ಣಗಾಗುವ ಗಾಜು: ಲೇಸರ್ ಸಿದ್ಧ, ಶುದ್ಧತೆಯೇ ಸವಾಲು

ಯಿಟರ್ಬಿಯಂ ಎಂಬ ವಿರಳ ಭೂ ಧಾತುವನ್ನು ಬೆರೆಸಿದ ಫ್ಲೋರೈಡ್ ಗಾಜಿನೊಳಕ್ಕೆ 1015 ನ್ಯಾನೋಮೀಟರ್ ತರಂಗದೂರದ ಲೇಸರ್ ಹಾಯಿಸಿದರೆ, ಗಾಜು ಆ ಬೆಳಕಿನ ಒಂದಂಶವನ್ನು ಹೀರಿಕೊಂಡು ಸರಾಸರಿ 995 ನ್ಯಾನೋಮೀಟರ್‌ನ ಬೆಳಕನ್ನು ಹೊರಸೂಸುತ್ತದೆ. ಹೀರಿಕೊಂಡ ಪ್ರತಿ ಫೋಟಾನಿನ ಶಕ್ತಿ 1.222 ಎಲೆಕ್ಟ್ರಾನ್‌ವೋಲ್ಟ್, ಹೊರಗೆ ಹೋದದ್ದರ ಶಕ್ತಿ ಸರಾಸರಿ 1.246. ವ್ಯತ್ಯಾಸ ಸುಮಾರು 25 ಮಿಲಿ ಎಲೆಕ್ಟ್ರಾನ್‌ವೋಲ್ಟ್. ಕೋಣೆಯ ಉಷ್ಣತೆಯಲ್ಲಿ ಶಾಖದ ಶಕ್ತಿಯ ಅಳತೆಯೂ ಹೆಚ್ಚುಕಡಿಮೆ ಇಷ್ಟೇ. ಈ ಹೆಚ್ಚುವರಿ ಶಕ್ತಿ ಬಂದದ್ದು ಗಾಜಿನ ಕಂಪನಗಳಿಂದ. ಬೆಳಕು ಹೋಗುವಾಗ ಶಾಖವನ್ನೂ ಹೊತ್ತುಕೊಂಡು ಹೋಯಿತು, ಗಾಜು ಅಷ್ಟರಮಟ್ಟಿಗೆ ತಣ್ಣಗಾಯಿತು.

ಇದಕ್ಕೆ ಆಂಟಿ-ಸ್ಟೋಕ್ಸ್ ಪ್ರತಿದೀಪ್ತಿ ಎಂದು ಹೆಸರು. ಇದರಿಂದ ವಸ್ತುವನ್ನು ತಣಿಸಬಹುದೆಂದು ಭೌತವಿಜ್ಞಾನಿ ಪೀಟರ್ ಪ್ರಿಂಗ್ಸ್‌ಹೈಮ್ 1929ರಲ್ಲೇ ಸೂಚಿಸಿದ್ದರು. ಇದು ಉಷ್ಣಗತಿಶಾಸ್ತ್ರದ ಎರಡನೆಯ ನಿಯಮಕ್ಕೆ ವಿರುದ್ಧವೆಂದು ಇನ್ನೊಬ್ಬ ಭೌತವಿಜ್ಞಾನಿ ವಾವಿಲೋವ್ ಆಕ್ಷೇಪಿಸಿದರು. ಲೇಸರಿನಂತಹ ಶಿಸ್ತಿನ ಬೆಳಕು ಒಳಗೆ ಬಂದು, ಎಲ್ಲ ದಿಕ್ಕಿಗೂ ಚದುರುವ ಬೆಳಕು ಹೊರಗೆ ಹೋಗುವಾಗ ಎಂಟ್ರೊಪಿಯೂ (ಅವ್ಯವಸ್ಥೆಯ ಅಳತೆ) ಜೊತೆಯಲ್ಲೇ ಹೋಗುತ್ತದೆ, ಹಾಗಾಗಿ ನಿಯಮಕ್ಕೆ ಭಂಗವಿಲ್ಲ ಎಂದು ಲ್ಯಾಂಡೌ 1946ರಲ್ಲಿ ತೋರಿಸಿದರು. ಆದರೂ ಘನವಸ್ತುವೊಂದು ನಿಜಕ್ಕೂ ತಣ್ಣಗಾದದ್ದನ್ನು ಕಾಣಲು 1995ರವರೆಗೆ ಕಾಯಬೇಕಾಯಿತು. ಆ ವರ್ಷ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ರಿಚರ್ಡ್ ಎಪ್‌ಸ್ಟೈನ್ ಮತ್ತು ಸಂಗಡಿಗರು ಯಿಟರ್ಬಿಯಂ ಬೆರೆಸಿದ ಫ್ಲೋರೋಝಿರ್ಕೋನೇಟ್ ಗಾಜಿನ ತುಂಡನ್ನು 0.3 ಕೆಲ್ವಿನ್‌ನಷ್ಟು ತಣಿಸಿದರು. ಸಿದ್ಧಾಂತಕ್ಕೂ ಪ್ರಯೋಗಕ್ಕೂ ನಡುವೆ ಇಷ್ಟು ದಶಕಗಳು ಹಿಡಿದದ್ದಕ್ಕೆ ಲೇಸರ್ ತಡವಾಗಿ ಬಂದದ್ದು ಒಂದು ಕಾರಣ. ಬೇಕಾದಷ್ಟು ಶುದ್ಧವಾದ ಗಾಜು ಇಲ್ಲದಿದ್ದದ್ದು ಇನ್ನೊಂದು, ಮತ್ತು ನಮ್ಮ ದೃಷ್ಟಿಯಲ್ಲಿ ದೊಡ್ಡದು. ಲೇಸರಿನ ಕೊರತೆ ಎಂದೋ ನೀಗಿದೆ, ಶುದ್ಧತೆಯ ತೊಂದರೆ ಇಂದಿಗೂ ಇದೆ.

ನೂರಕ್ಕೆ ಎರಡರ ವ್ಯವಹಾರ

ತಂಪಾಗಿಸುವ ದಕ್ಷತೆಯ ಸೂತ್ರ ಚಿಕ್ಕದು. ಬಾಹ್ಯ ಕ್ವಾಂಟಂ ದಕ್ಷತೆ, ಹೀರಿಕೆಯ ದಕ್ಷತೆ, ಇವೆರಡರ ಗುಣಲಬ್ಧವನ್ನು ಪಂಪ್ (ಒಳಗೆ ಹಾಯಿಸುವ ಲೇಸರ್) ತರಂಗದೂರದಿಂದ ಗುಣಿಸಿ, ಪ್ರತಿದೀಪ್ತಿಯ ಸರಾಸರಿ ತರಂಗದೂರದಿಂದ ಭಾಗಿಸಿ, ಬಂದದ್ದರಲ್ಲಿ 1 ಕಳೆಯಬೇಕು. ಉತ್ತರ ಧನವಾದರೆ ಗಾಜು ತಣಿಯುತ್ತದೆ, ಋಣವಾದರೆ ಬಿಸಿಯಾಗುತ್ತದೆ. ಬಾಹ್ಯ ಕ್ವಾಂಟಂ ದಕ್ಷತೆ ಎಂದರೆ ಉದ್ರೇಕಗೊಂಡ ಅಯಾನುಗಳಲ್ಲಿ ಎಷ್ಟು ಪಾಲು ಕೊನೆಗೂ ಗಾಜಿನಿಂದ ಹೊರಬೀಳುವ ಫೋಟಾನ್ ಆಗುತ್ತದೆ ಎಂಬುದು. ಹೀರಿಕೆಯ ದಕ್ಷತೆ ಎಂದರೆ ಹೀರಿಕೊಂಡ ಬೆಳಕಿನಲ್ಲಿ ಯಿಟರ್ಬಿಯಂ ಪಾಲಿಗೆ ಬಂದದ್ದೆಷ್ಟು ಎಂಬುದು. ಉಳಿದದ್ದು ಕಲ್ಮಶಗಳ ಪಾಲು, ಅದು ನೇರವಾಗಿ ಶಾಖವಾಗುತ್ತದೆ.

1015 ನ್ಯಾನೋಮೀಟರ್‌ನಲ್ಲಿ ಪಂಪ್ ಮಾಡಿದರೆ ಆದರ್ಶ ಲಾಭ ಶೇ 2. ಅಂದರೆ ಎರಡೂ ದಕ್ಷತೆಗಳ ಗುಣಲಬ್ಧ 0.98ಕ್ಕಿಂತ ಕೆಳಗಿಳಿದರೆ ತಂಪು ಪೂರ್ತಿ ಹೋಯಿತು. 1030ಕ್ಕೆ ಸರಿದರೆ ಆದರ್ಶ ಲಾಭ ಶೇ 3.5ಕ್ಕೆ ಏರುತ್ತದೆ, ಮಿತಿಯೂ 0.966ಕ್ಕೆ ಸಡಿಲವಾಗುತ್ತದೆ. ಹಾಗಾದರೆ ಇನ್ನೂ ಉದ್ದದ ತರಂಗದೂರಕ್ಕೆ ಹೋಗಬಾರದೇಕೆ? ಯಿಟರ್ಬಿಯಂನ ಹೀರಿಕೆ ಆ ಕಡೆಗೆ ಕಡಿದಾಗಿ ಇಳಿಯುತ್ತದೆ. ಕಲ್ಮಶಗಳ ಹೀರಿಕೆ ಇಳಿಯುವುದಿಲ್ಲ. ಒಂದು ಹಂತ ದಾಟಿದ ಮೇಲೆ ಹೀರಿಕೆಯ ದಕ್ಷತೆ ಕುಸಿದು ಗಾಜು ಮತ್ತೆ ಬಿಸಿಯಾಗತೊಡಗುತ್ತದೆ. ತಣಿಯುವ ವಲಯಕ್ಕೆ ಹೀಗೆ ಎರಡು ಗಡಿಗಳಿವೆ. ಆ ಎರಡು ಗಡಿಗಳ ನಡುವಿನ ಅಗಲವೇ ಗಾಜಿನ ಗುಣಮಟ್ಟದ ನಿಜವಾದ ಅಂಕಪಟ್ಟಿ.

ಯಿಟರ್ಬಿಯಂನ್ನೇ ಆರಿಸುವುದಕ್ಕೆ ಕಾರಣ ಅದರ ಸರಳತೆ. ಈ ಅವಕೆಂಪು ವಲಯದಲ್ಲಿ ಅದಕ್ಕಿರುವುದು ಎರಡೇ ಶಕ್ತಿಮಟ್ಟಗಳ ಗುಂಪು: ಕೆಳಗೆ ನಾಲ್ಕು ಉಪಮಟ್ಟ, ಮೇಲೆ ಮೂರು, ನಡುವೆ ಸುಮಾರು 10,000 ತರಂಗಸಂಖ್ಯೆಯ (ಸೆಂಟಿಮೀಟರಿಗೆ ಇಷ್ಟು ತರಂಗ ಎಂದು ಶಕ್ತಿಯನ್ನು ಅಳೆಯುವ ಮಾನ) ಅಂತರ. ಉದ್ರೇಕಗೊಂಡ ಅಯಾನು ಇನ್ನೂ ಮೇಲಕ್ಕೆ ಜಿಗಿಯಲು ಮೆಟ್ಟಿಲಿಲ್ಲ, ಮಧ್ಯೆ ಜಾರಿ ಬೀಳಲು ತಾಣವೂ ಇಲ್ಲ. ಕೆಳಗಿನ ಗುಂಪಿನ ಮೇಲ್ತುದಿಯಿಂದ ಮೇಲಿನ ಗುಂಪಿನ ತಳಕ್ಕೆ ಪಂಪ್ ಮಾಡಬೇಕು. ಮಿಲಿಸೆಕೆಂಡಿನ ಆಯುಷ್ಯದಲ್ಲಿ ಅಯಾನು ಗಾಜಿನಿಂದ ಶಾಖ ಪಡೆದು ಉಪಮಟ್ಟಗಳಲ್ಲಿ ಹರಡಿಕೊಂಡು, ಆಮೇಲೆ ಬೆಳಕು ಬಿಡುತ್ತದೆ. ಥುಲಿಯಂ, ಎರ್ಬಿಯಂ, ಹೋಲ್ಮಿಯಂಗಳಲ್ಲೂ ತಂಪಾಗಿಸುವಿಕೆ ಸಾಧ್ಯವಾಗಿದೆ. ಅವುಗಳ ಮಟ್ಟಗಳ ಜಾಲ ಹೆಚ್ಚು ತೊಡಕಿನದ್ದು.

ಕಳ್ಳರು ಯಾರು

ತಂಪನ್ನು ಕದಿಯುವ ಕಲ್ಮಶಗಳಲ್ಲಿ ಹೈಡ್ರಾಕ್ಸಿಲ್‌ನಿಂದ, ಅಂದರೆ ನೀರಿನಿಂದ ಬರುವ ಆಮ್ಲಜನಕ-ಹೈಡ್ರೋಜನ್ ಜೋಡಿಯಿಂದ, ಆರಂಭಿಸೋಣ. ಯಿಟರ್ಬಿಯಂನ 10,000 ತರಂಗಸಂಖ್ಯೆಯ ಅಂತರವನ್ನು ಬರೀ ಕಂಪನಗಳಿಂದ ತುಂಬಬೇಕಾದರೆ, ಸುಮಾರು 1100 ತರಂಗಸಂಖ್ಯೆಯ ಸಿಲಿಕಾ ಗಾಜಿನಲ್ಲಿ ಒಂಬತ್ತು ಫೋನಾನುಗಳು (ಕಂಪನದ ಶಕ್ತಿಯ ಕಣಗಳು) ಒಟ್ಟಿಗೆ ಸೇರಬೇಕು. 500ರಿಂದ 580ರ ಆಸುಪಾಸಿನ ಫ್ಲೋರೈಡ್ ಗಾಜಿನಲ್ಲಿ ಹದಿನೇಳರಿಂದ ಇಪ್ಪತ್ತು. ಇವೆರಡೂ ನಡೆಯುವ ಮಾತಲ್ಲ. ಆದರೆ ಹೈಡ್ರಾಕ್ಸಿಲ್ ಗುಂಪಿನ ಕಂಪನ 3,600ರ ಹತ್ತಿರ. ಮೂರಕ್ಕಿಂತ ಕಡಿಮೆ ಸಾಕು! ಯಿಟರ್ಬಿಯಂ ಅಯಾನಿನ ಪಕ್ಕದಲ್ಲಿ ನೀರಿನ ಇಂತಹ ಒಂದು ತುಣುಕಿದ್ದರೆ ಆ ಅಯಾನಿನ ಶಕ್ತಿ ಬೆಳಕಾಗುವ ಮೊದಲೇ ಶಾಖವಾಗುತ್ತದೆ. ಅದಕ್ಕಿಂತ ಕೆಟ್ಟ ಸಂಗತಿಯೂ ಇದೆ. ಉದ್ರೇಕ ಒಂದು ಯಿಟರ್ಬಿಯಂನಿಂದ ಇನ್ನೊಂದಕ್ಕೆ ಕೈಯಿಂದ ಕೈಗೆ ದಾಟುತ್ತ ಹೋಗುವುದರಿಂದ, ದೂರದಲ್ಲಿರುವ ಅಯಾನಿನ ಶಕ್ತಿಯೂ ಕೊನೆಗೆ ಆ ಕಳ್ಳನನ್ನು ತಲುಪುತ್ತದೆ. ಯಿಟರ್ಬಿಯಂ ಪ್ರಮಾಣ ಹೆಚ್ಚಿಸಿದಷ್ಟೂ ಈ ಸಾಗಾಟ ಸಲೀಸು.

ಎರಡನೆಯ ಗುಂಪು ಕಬ್ಬಿಣ, ತಾಮ್ರ, ಕೋಬಾಲ್ಟ್‌ನಂತಹ ಲೋಹಗಳದ್ದು. ಎರಡು ಆವೇಶದ ಕಬ್ಬಿಣ ಮತ್ತು ತಾಮ್ರದ ಅಯಾನುಗಳಿಗೆ ಒಂದು ಮೈಕ್ರಾನ್ ಆಸುಪಾಸಿನಲ್ಲಿ ಅಗಲವಾದ ಹೀರಿಕೆಯಿದೆ, ಪಂಪ್ ಬೆಳಕು ಬೀಳುವ ಜಾಗದಲ್ಲೇ. ಇವುಗಳನ್ನು ಶತಕೋಟಿಯಲ್ಲಿ ಕೆಲವು ಭಾಗಗಳ ಮಟ್ಟಕ್ಕೆ ಇಳಿಸಬೇಕಾಗುತ್ತದೆ.

ಇಲ್ಲಿ ಹೊಸಬರು ಮೋಸಹೋಗುವ ಒಂದು ಜಾಗವಿದೆ. ಯಿಟರ್ಬಿಯಂ ಆಕ್ಸೈಡ್ ಬಾಟಲಿಯ ಮೇಲೆ ಶೇ 99.999 ಎಂದು ಬರೆದಿರುತ್ತದೆ. ಆ ಅಂಕಿ ಬಹುಪಾಲು ವಿರಳ ಭೂ ಧಾತುಗಳ ನಡುವಿನ ಶುದ್ಧತೆ ಮಾತ್ರ. ಅಂದರೆ ಅದರಲ್ಲಿ ಎರ್ಬಿಯಂ, ಥುಲಿಯಂ, ಲುಟೇಷಿಯಂ ಎಷ್ಟಿವೆ ಎಂಬ ಲೆಕ್ಕ. ಕಬ್ಬಿಣ, ತಾಮ್ರ, ಕ್ಯಾಲ್ಸಿಯಂ ಆ ಲೆಕ್ಕದಲ್ಲಿ ಬರದೆ ದಶಲಕ್ಷದಲ್ಲಿ ಹಲವು ಭಾಗ ಇರಬಹುದು. ಐದು ಒಂಬತ್ತುಗಳ ಚೀಟಿ ನಂಬಿ ಕರಗಿಸಿದ ಗಾಜು ಬಿಸಿಯಾದರೆ ಆಶ್ಚರ್ಯಪಡಬೇಕಿಲ್ಲ. ಪ್ರತಿ ಬ್ಯಾಚಿಗೂ ಲೋಹಗಳ ಪ್ರತ್ಯೇಕ ವಿಶ್ಲೇಷಣಾ ಪತ್ರ ಕೇಳಿ ಪಡೆಯಬೇಕು, ಸಾಧ್ಯವಾದರೆ ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಸ್ವತಃ ನೋಡಬೇಕು.

ಕತ್ತಲ ಕೋಣೆಯಲ್ಲಿ ಗಾಜನ್ನು ಪಂಪ್ ಮಾಡಿದಾಗಲೂ ಕೆಲವು ಕಲ್ಮಶಗಳು ತಾವೇ ಬಾಯಿಬಿಡುತ್ತವೆ. ಲೇಸರ್ ಹಾದ ಗೆರೆಯುದ್ದಕ್ಕೂ ಹಸಿರು ಹೊಳಪು ಕಂಡರೆ ಎರ್ಬಿಯಂ, ನೀಲಿ ಕಂಡರೆ ಥುಲಿಯಂ ಎಂದು ಅನುಮಾನಿಸಬಹುದು. ಆದರೆ ಎರಡು ಯಿಟರ್ಬಿಯಂ ಅಯಾನುಗಳು ಜೊತೆಗೂಡಿ 500 ನ್ಯಾನೋಮೀಟರ್ ಸುತ್ತ ಬಿಡುವ ನೀಲಿ-ಹಸಿರು ಬೆಳಕೂ ಇರುತ್ತದೆ. ಬರಿಗಣ್ಣಿನ ತೀರ್ಪು ಸಾಲದು, ಸ್ಪೆಕ್ಟ್ರೋಮೀಟರ್ ಹಿಡಿದೇ ಖಚಿತಪಡಿಸಿಕೊಳ್ಳಬೇಕು. ಆ ಹೊಳಪು ಯಿಟರ್ಬಿಯಂ ಜೋಡಿಗಳದ್ದೇ ಆಗಿ ಬಲವಾಗಿದ್ದರೆ, ಅಯಾನುಗಳು ಗುಂಪುಗೂಡಿವೆ ಎಂಬ ಸೂಚನೆಯೂ ಹೌದು.

ಫ್ಲೋರೈಡ್ ಗಾಜು ಮಾಡುವಾಗ

ಈ ಕ್ಷೇತ್ರದ ಪರಿಚಿತ ಗಾಜು ಝೀಬ್ಲಾನ್. ಮೋಲ್ ಲೆಕ್ಕದಲ್ಲಿ ಝಿರ್ಕೋನಿಯಂ ಫ್ಲೋರೈಡ್ 53, ಬೇರಿಯಂ ಫ್ಲೋರೈಡ್ 20, ಲ್ಯಾಂಥನಂ ಫ್ಲೋರೈಡ್ 4, ಅಲ್ಯೂಮಿನಿಯಂ ಫ್ಲೋರೈಡ್ 3, ಸೋಡಿಯಂ ಫ್ಲೋರೈಡ್ 20. ಯಿಟರ್ಬಿಯಂ ಫ್ಲೋರೈಡನ್ನು ಲ್ಯಾಂಥನಂ ಜಾಗದಲ್ಲಿ ಸೇರಿಸುತ್ತಾರೆ. ಪಾಕದ ಅರ್ಧಕ್ಕಿಂತ ಹೆಚ್ಚು ಝಿರ್ಕೋನಿಯಂ ಆಗಿರುವುದರಿಂದ ಅದರ ಕಲ್ಮಶವೇ ಒಟ್ಟು ಕಲ್ಮಶವನ್ನು ನಿರ್ಧರಿಸುತ್ತದೆ. ಯಿಟರ್ಬಿಯಂ ಮೇಲೆ ಗಮನವಿಟ್ಟು ಝಿರ್ಕೋನಿಯಂ ಮರೆತರೆ ಶ್ರಮವೆಲ್ಲ ವ್ಯರ್ಥ.

ಒಳ್ಳೆಯ ದಾರಿ ದ್ರಾವಣದಿಂದ ಶುರುವಾಗುತ್ತದೆ. ಝಿರ್ಕೋನಿಯಂ ಆಕ್ಸಿಕ್ಲೋರೈಡ್‌ನ ಜಲೀಯ ದ್ರಾವಣಕ್ಕೆ ಲೋಹಗಳನ್ನು ಹಿಡಿಯುವ ಕೀಲೇಟ್ ಕಾರಕ ಹಾಕಿ, ಕಬ್ಬಿಣ-ತಾಮ್ರಗಳ ಸಂಯುಕ್ತಗಳನ್ನು ಸಾವಯವ ದ್ರಾವಕಕ್ಕೆ ಎಳೆದು ತೆಗೆಯಬೇಕು. ಆಮೇಲೆ ಹೈಡ್ರೋಫ್ಲೋರಿಕ್ ಆಮ್ಲದಿಂದ ಫ್ಲೋರೈಡಾಗಿ ಇಳಿಸಿ, ಒಣಗಿಸಿ, ಬಿಸಿ ಹೈಡ್ರೋಜನ್ ಫ್ಲೋರೈಡ್ ಅನಿಲದಲ್ಲಿ ಹಿಡಿದು ಉಳಿದ ಆಕ್ಸೈಡ್ ಮತ್ತು ಹೈಡ್ರಾಕ್ಸಿಲ್ ಓಡಿಸಬೇಕು. ಇಡೀ ಕೆಲಸಕ್ಕೆ ಫ್ಲೋರೋಪಾಲಿಮರ್ ಪಾತ್ರೆಗಳು ಬೇಕು. ಸಾಮಾನ್ಯ ಗಾಜಿನ ಬೀಕರನ್ನು ಆಮ್ಲ ತಿಂದು ಹಾಕುತ್ತದೆ, ಉಕ್ಕಿನ ಚಮಚ ಕಬ್ಬಿಣವನ್ನು ವಾಪಸ್ ತರುತ್ತದೆ. ಈ ಆಮ್ಲ ಚರ್ಮದ ಮೂಲಕ ಇಳಿದು ಪ್ರಾಣ ತೆಗೆಯಬಲ್ಲದು. ಕ್ಯಾಲ್ಸಿಯಂ ಗ್ಲೂಕೋನೇಟ್ ಜೆಲ್ ಕೈಗೆಟುಕುವ ಜಾಗದಲ್ಲಿ ಇಲ್ಲದ ಪ್ರಯೋಗಾಲಯದಲ್ಲಿ ಇದನ್ನು ತೆರೆಯಲೇಬಾರದು.

ಕರಗಿಸುವುದು ನೀರು ಮತ್ತು ಆಮ್ಲಜನಕ ದಶಲಕ್ಷಕ್ಕೆ ಒಂದು ಭಾಗಕ್ಕಿಂತ ಕಡಿಮೆಯಿರುವ ಗ್ಲೋವ್‌ಬಾಕ್ಸ್ ಒಳಗೆ, ಗಾಜುರೂಪದ ಇಂಗಾಲದ ಅಥವಾ ಪ್ಲಾಟಿನಂನ ಮೂಸೆಯಲ್ಲಿ, ಸುಮಾರು 800ರಿಂದ 850 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಇಲ್ಲಿ ವಾತಾವರಣ ತೀರಾ ಅಪಕರ್ಷಕವಾದರೆ ಝಿರ್ಕೋನಿಯಂ ತನ್ನ ನಾಲ್ಕು ಆವೇಶದ ಸ್ಥಿತಿ ಬಿಟ್ಟು ಕೆಳಗಿಳಿದು ಗಾಜಿನಲ್ಲಿ ಬೂದು-ಕಪ್ಪು ಚುಕ್ಕೆಗಳು ಮೂಡುತ್ತವೆ. ಸ್ವಲ್ಪ ಇಂಡಿಯಂ ಫ್ಲೋರೈಡ್ ಸೇರಿಸಿದರೆ ಅದು ಆಕ್ಸಿಡೀಕಾರಕವಾಗಿ ಈ ತೊಂದರೆ ತಡೆಯುತ್ತದೆ. ಕರಗಿದ ಪಾಕವನ್ನು ಸುಮಾರು 260 ಡಿಗ್ರಿಗೆ, ಅಂದರೆ ಗಾಜಾಗುವ ಉಷ್ಣತೆಯ ಹತ್ತಿರಕ್ಕೆ, ಮೊದಲೇ ಕಾಯಿಸಿಟ್ಟ ಹಿತ್ತಾಳೆ ಅಚ್ಚಿಗೆ ಸುರಿದು ನಿಧಾನವಾಗಿ ಆರಿಸಬೇಕು. ಅಚ್ಚು ತಣ್ಣಗಿದ್ದರೆ ಗಾಜು ಬಿರಿಯುತ್ತದೆ. ಬಿಸಿ ಹೆಚ್ಚಾಗಿ ಗಾಜು ಆರಲು ತಡವಾದರೆ ಸೂಕ್ಷ್ಮ ಹರಳುಗಳು ಹುಟ್ಟಿ ಹಾಲಿನಂತೆ ಮಬ್ಬಾಗುತ್ತದೆ. ಗಾಜಾಗುವ ಮತ್ತು ಹರಳುಗಟ್ಟುವ ಉಷ್ಣತೆಗಳ ನಡುವೆ ಸಿಗುವುದು ಸುಮಾರು ನೂರು ಡಿಗ್ರಿಯ ಅಂತರ ಮಾತ್ರ. ಸಿದ್ಧವಾದ ಗಾಜಿನ ಮೇಲ್ಮೈಯನ್ನು ತೇವಾಂಶ ನಿಧಾನವಾಗಿ ಕೊರೆಯುತ್ತದೆ. ಹೊಳಪು ಕೊಡುವಾಗ ನೀರು ಬಳಸದಿರುವುದು ಇದೇ ಕಾರಣಕ್ಕೆ.

ಸಿಲಿಕಾ ತಡವಾಗಿ ಬಂದದ್ದೇಕೆ

ದೂರಸಂಪರ್ಕ ತಂತುಗಳಿಗೆ ಬಳಸುವ ಸಿಲಿಕಾ ಮನುಷ್ಯ ಮಾಡಿದ ಅತಿ ಶುದ್ಧ ಗಾಜುಗಳಲ್ಲಿ ಒಂದು. ಅದು ಲೇಸರಿನಿಂದ ತಣಿಯದು ಎಂಬ ನಂಬಿಕೆ ವರ್ಷಗಳ ಕಾಲ ಇತ್ತು. ಫೋನಾನ್ ಶಕ್ತಿ ಹೆಚ್ಚು ಎಂಬುದು ಕೊಡುತ್ತಿದ್ದ ಕಾರಣ. ಒಂಬತ್ತು ಫೋನಾನುಗಳ ಲೆಕ್ಕ ನೋಡಿದರೆ ಅದು ಅಷ್ಟು ದೊಡ್ಡ ಅಡ್ಡಿಯಲ್ಲ. ನಿಜವಾದ ತೊಂದರೆ ಅಯಾನುಗಳ ಗುಂಪುಗಾರಿಕೆ. ಸಿಲಿಕಾದ ಜಾಲದಲ್ಲಿ ಯಿಟರ್ಬಿಯಂಗೆ ಸಹಜ ಜಾಗವಿಲ್ಲ. ಅವು ಒತ್ತೊತ್ತಾಗಿ ಕೂಡಿಕೊಂಡು ಒಂದರ ಶಕ್ತಿಯನ್ನು ಇನ್ನೊಂದು ಕಲ್ಮಶದ ಕಡೆಗೆ ದಾಟಿಸುತ್ತವೆ. ಪಕ್ಕದಲ್ಲಿ ಅಲ್ಯೂಮಿನಿಯಂ ಅಥವಾ ರಂಜಕ ಸೇರಿಸಿದರೆ ಪ್ರತಿ ಯಿಟರ್ಬಿಯಂ ಸುತ್ತ ಒಂದು ಆವರಣ ಏರ್ಪಟ್ಟು ಅವು ದೂರ ಸರಿಯುತ್ತವೆ.

ಪ್ರಿಫಾರ್ಮ್ (ತಂತು ಎಳೆಯುವ ಮೂಲ ಗಾಜಿನ ಕಂಬಿ) ಮಾಡುವವರು ಸಿಲಿಕಾ ಕೊಳವೆಯ ಒಳಗೋಡೆಗೆ ಮಸಿಯಂತಹ ನುಣುಪು ಸಿಲಿಕಾ ಪುಡಿಯ ರಂಧ್ರಮಯ ಪದರ ಕೂರಿಸಿ, ಯಿಟರ್ಬಿಯಂ ಮತ್ತು ಅಲ್ಯೂಮಿನಿಯಂ ಕ್ಲೋರೈಡ್ ದ್ರಾವಣದಲ್ಲಿ ನೆನೆಸಿ, ಒಣಗಿಸಿ, ಕ್ಲೋರಿನ್ ಹಾಯಿಸಿ ಹೈಡ್ರಾಕ್ಸಿಲ್ ತೆಗೆದು, ಆಮೇಲೆ ಕರಗಿಸಿ ಗಟ್ಟಿಮಾಡುತ್ತಾರೆ. ಕ್ಲೋರಿನ್ ಹಂತವನ್ನು ಅವಸರದಲ್ಲಿ ಮುಗಿಸಿದರೆ ನೀರು ಉಳಿಯುತ್ತದೆ. ಗಟ್ಟಿಮಾಡುವಾಗ ಆಮ್ಲಜನಕ ಕಡಿಮೆಯಾದರೆ ಎರಡು ಆವೇಶದ ಯಿಟರ್ಬಿಯಂ ಹುಟ್ಟಿ ಹೀರಿಕೆ ಕೆಡುತ್ತದೆ. ಹಿನ್ನೆಲೆ ನಷ್ಟ ಕಿಲೋಮೀಟರಿಗೆ 10 ಡೆಸಿಬೆಲ್ ಎಂದರೆ ತಂತು ಮಾಡುವವರಿಗೆ ಚೆನ್ನಾದ ಅಂಕಿ. ಅದನ್ನು ಸೆಂಟಿಮೀಟರ್ ಲೆಕ್ಕಕ್ಕೆ ತಂದರೆ ಒಂದು ಲಕ್ಷಕ್ಕೆ 2.3 ಭಾಗ.

ಹೀಗೆ ತಯಾರಾದ ಗಾಜುಗಳಲ್ಲಿ ನ್ಯೂ ಮೆಕ್ಸಿಕೋ ಮತ್ತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಗಳ ತಂಡಗಳು 2020ರ ಹೊತ್ತಿಗೆ ಸಿಲಿಕಾ ತಣಿಯುವುದನ್ನು ತೋರಿಸಿದವು. ಸ್ಟ್ಯಾನ್‌ಫರ್ಡ್ ತಂಡದ ತಂತು ನಿರ್ವಾತವಿಲ್ಲದೆ, ತೆರೆದ ಗಾಳಿಯಲ್ಲೇ 1040 ನ್ಯಾನೋಮೀಟರ್ ಪಂಪಿನಿಂದ 50 ಮಿಲಿ ಕೆಲ್ವಿನ್ ಇಳಿಯಿತು. 2023ರಲ್ಲಿ ವರದಿಯಾದ ಸಿಲಿಕಾ ತುಂಡು ನಿರ್ವಾತದಲ್ಲಿ ಕೋಣೆಯ ಉಷ್ಣತೆಯಿಂದ 67 ಕೆಲ್ವಿನ್ ಕೆಳಗಿಳಿಯಿತು. ಮೂರು ವರ್ಷದಲ್ಲಿ ಸಾವಿರ ಪಟ್ಟಿಗೂ ಮಿಕ್ಕ ಈ ಜಿಗಿತದಲ್ಲಿ ನಿರ್ವಾತ ಮತ್ತು ಹೆಚ್ಚಿನ ಪಂಪ್ ಶಕ್ತಿಯ ಪಾಲಿದೆ. ಆದರೆ ಗಾಜು ಒಳ್ಳೆಯದಾಗಿರದಿದ್ದರೆ ಪಂಪ್ ಹೆಚ್ಚಿಸಿದಷ್ಟೂ ಅದು ಬಿಸಿಯಾಗುತ್ತಿತ್ತು.

ಅಳತೆಯಲ್ಲಿ ತಪ್ಪುವುದೆಲ್ಲಿ

ಐದು ಮಿಲಿಮೀಟರ್ ವ್ಯಾಸ, ಇಪ್ಪತ್ತು ಮಿಲಿಮೀಟರ್ ಉದ್ದದ ಗಾಜಿನ ಕಂಬಿಯೊಂದನ್ನು ತೆಗೆದುಕೊಳ್ಳೋಣ. ನಿರ್ವಾತದಲ್ಲಿ ತೆಳು ಗಾಜಿನ ತಂತುಗಳ ಮೇಲೆ ಕೂರಿಸಿದರೆ ಅದಕ್ಕೆ ಶಾಖ ಬರುವುದು ಮುಖ್ಯವಾಗಿ ಸುತ್ತಲ ಗೋಡೆಗಳ ವಿಕಿರಣದಿಂದ. ಮೇಲ್ಮೈ ಸುಮಾರು 3.5 ಚದರ ಸೆಂಟಿಮೀಟರ್. ಕೋಣೆಯ ಉಷ್ಣತೆಯ ಬಳಿ ಪ್ರತಿ ಡಿಗ್ರಿ ತಂಪಿಗೆ ಸುಮಾರು 2 ಮಿಲಿವ್ಯಾಟ್ ಒಳಗೆ ಬರುತ್ತದೆ. 300ರಿಂದ 200 ಕೆಲ್ವಿನ್‌ಗೆ ಇಳಿಸಬೇಕಾದರೆ 0.12 ವ್ಯಾಟ್‌ನಷ್ಟು ಎದುರಿಸಬೇಕು. ದಕ್ಷತೆ ಶೇ 1.5 ಆದರೆ ಗಾಜು 8 ವ್ಯಾಟ್‌ನಷ್ಟು ಹೀರಬೇಕು, ಅದೂ ಹೀರಿಕೆ ಕ್ಷೀಣವಾಗಿರುವ ತರಂಗದೂರದಲ್ಲಿ. ಆದ್ದರಿಂದ ಪಂಪ್ ಬೆಳಕನ್ನು ಕನ್ನಡಿಗಳ ನಡುವೆ ಹತ್ತಾರು ಬಾರಿ ಓಡಾಡಿಸುತ್ತಾರೆ.

ಇನ್ನೊಂದು ಉಪಾಯ ಗಾಜಿಗೆ ಬಿಗಿಯಾಗಿ ಹೊಂದುವ, ಉಷ್ಣ ವಿಕಿರಣ ಕಡಿಮೆಯಿರುವ ಚಿಪ್ಪು. ಚಿಪ್ಪಿನ ಒಳಮೈಯ ಉತ್ಸರ್ಜನೆ 0.05 ಆಗಿದ್ದು ಗಾಜಿಗೆ ತೀರ ಹತ್ತಿರವಿದ್ದರೆ ವಿಕಿರಣದ ಹೊರೆ ಸುಮಾರು ಹದಿನೆಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದರೆ ಅದಕ್ಕೆ ಚಿನ್ನದ ಹೊಳಪು ಬಳಿದರೆ ಪ್ರತಿದೀಪ್ತಿಯನ್ನು ಗಾಜಿಗೇ ವಾಪಸ್ ತಳ್ಳುತ್ತದೆ. ಒಂದು ಮೈಕ್ರಾನ್ ಬೆಳಕನ್ನು ಹೀರುವ, ಹತ್ತು ಮೈಕ್ರಾನಿನಲ್ಲಿ ಮಾತ್ರ ಪ್ರತಿಫಲಿಸುವ ಲೇಪನ ಬೇಕು, ಸೌರ ಜಲತಾಪಕಗಳಲ್ಲಿ ಬಳಸುವ ಜಾತಿಯದ್ದು. ಚಿಪ್ಪನ್ನೂ ಹೊರಗಿನಿಂದ ತಣಿಸುತ್ತಿರಬೇಕು.

ಗಾಜನ್ನು ಪರೀಕ್ಷಿಸುವ ನಂಬಿಕಸ್ಥ ಕ್ರಮವೆಂದರೆ 1000ರಿಂದ 1080 ನ್ಯಾನೋಮೀಟರ್‌ವರೆಗೆ ಲೇಸರನ್ನು ಸರಿಸುತ್ತ, ಪ್ರತಿ ನಿಲ್ದಾಣದಲ್ಲೂ ಉಷ್ಣ ಕ್ಯಾಮೆರಾದಿಂದ ಉಷ್ಣತೆಯ ಬದಲಾವಣೆಯನ್ನೂ ಸ್ಪೆಕ್ಟ್ರೋಮೀಟರಿನಿಂದ ಪ್ರತಿದೀಪ್ತಿಯನ್ನೂ ಅಳೆದು, ಮೊದಲನೆಯದನ್ನು ಎರಡನೆಯದರಿಂದ ಭಾಗಿಸುವುದು. ಗೆರೆ ಶೂನ್ಯವನ್ನು ದಾಟುವ ಎರಡು ಜಾಗಗಳಿಂದ ಬಾಹ್ಯ ಕ್ವಾಂಟಂ ದಕ್ಷತೆ ಮತ್ತು ಹಿನ್ನೆಲೆ ಹೀರಿಕೆ ಎರಡೂ ಸಿಗುತ್ತವೆ. ಅವಸರ ಇಲ್ಲಿ ದೊಡ್ಡ ಶತ್ರು. ಮೇಲಿನ ಕಂಬಿ ಝೀಬ್ಲಾನ್ ಆದರೆ ಅದರ ಉಷ್ಣ ಕಾಲಸ್ಥಿರಾಂಕ (ಉಷ್ಣತೆಯ ಬದಲಾವಣೆ ಬಹುಪಾಲು ಮುಗಿಯಲು ಬೇಕಾದ ಹೊತ್ತು) ಏಳೆಂಟು ನಿಮಿಷ. ಒಂದೊಂದು ತರಂಗದೂರಕ್ಕೂ ಅರ್ಧ ಗಂಟೆಯ ಹತ್ತಿರ ಕಾಯದಿದ್ದರೆ ಹಿಂದಿನ ಅಳತೆಯ ನೆನಪು ಮುಂದಿನದರಲ್ಲಿ ಸೇರಿಕೊಳ್ಳುತ್ತದೆ. ಬೆಳಕಿನಿಂದ ಬಿಸಿಯಾದ ಗೋಡೆಯ ಪ್ರತಿಬಿಂಬವನ್ನೂ ಕ್ಯಾಮೆರಾ ಗಾಜಿನ ಉಷ್ಣತೆಯೆಂದು ಓದಿಬಿಡಬಹುದು. ಪಕ್ಕದಲ್ಲಿ ಬೆಳಕು ಬೀಳದ ಅದೇ ಗಾಜಿನ ಇನ್ನೊಂದು ತುಂಡು ಇಟ್ಟರೆ ಅದು ಬಯಲಾಗುತ್ತದೆ.

ಪ್ರತಿದೀಪ್ತಿಯ ಆಯುಷ್ಯವನ್ನು ಮಾತ್ರ ನೋಡಿ ಗಾಜು ಒಳ್ಳೆಯದೆಂದು ಹೇಳುವುದು ಅಪಾಯ. ಗಾಜಿನ ವಕ್ರೀಭವನ ಸೂಚ್ಯಂಕ 1.5ರಷ್ಟಿರುವುದರಿಂದ ಬೆಳಕಿನ ಒಂದು ಪಾಲು ಪೂರ್ಣ ಆಂತರಿಕ ಪ್ರತಿಫಲನದಿಂದ ಒಳಗೇ ಸುತ್ತುತ್ತದೆ, ಬೇರೆ ಅಯಾನುಗಳು ಅದನ್ನು ಮತ್ತೆ ಹೀರಿ ಮತ್ತೆ ಬಿಡುತ್ತವೆ. ಆಯುಷ್ಯ ಇದರಿಂದ ಉದ್ದವಾಗಿ ತೋರುತ್ತದೆ. ಹೊರಬೀಳುವ ಬೆಳಕಿನ ಸರಾಸರಿ ತರಂಗದೂರವೋ ಕೆಂಪಿನ ಕಡೆಗೆ ಸರಿದು ತಂಪಿನ ಲಾಭ ಕಡಿಮೆಯಾಗುತ್ತದೆ. ಚಿಕ್ಕ, ತೆಳು ತುಂಡಿನಲ್ಲಿ ಅಳೆದ ಆಯುಷ್ಯವೇ ನಂಬಲರ್ಹ.

ಗಾಜಿಗೆ ತಕ್ಕ ಕೆಲಸ

ಉಷ್ಣತೆ ಇಳಿದಂತೆ ಕೆಳಗಿನ ಗುಂಪಿನ ಮೇಲ್ತುದಿಯ ಉಪಮಟ್ಟದಲ್ಲಿ ಅಯಾನುಗಳು ಕಡಿಮೆಯಾಗಿ ಹೀರಿಕೆ ಸೊರಗುತ್ತದೆ. ಕೋಣೆಯ ಉಷ್ಣತೆಯಲ್ಲಿ ಯಿಟರ್ಬಿಯಂ ಹೀರಿಕೆ 100 ಪಾಲು, ಕಲ್ಮಶದ್ದು 1 ಪಾಲು ಎಂದಿಟ್ಟುಕೊಳ್ಳಿ: ಹೀರಿಕೆಯ ದಕ್ಷತೆ 0.99. ತಣಿದಾಗ ಯಿಟರ್ಬಿಯಂ ಪಾಲು 20ಕ್ಕಿಳಿದರೆ ಅದು 0.952. 1030 ನ್ಯಾನೋಮೀಟರ್ ಪಂಪಿಗೆ ಬೇಕಾದ 0.966ಕ್ಕಿಂತ ಆಗಲೇ ಕೆಳಗೆ. ಗಾಜು ಅಲ್ಲಿಗಿಂತ ಮೊದಲೇ ನಿಂತಿರುತ್ತದೆ. ಯಿಟರ್ಬಿಯಂ ಬೆರೆಸಿದ ಫ್ಲೋರೈಡ್ ಗಾಜು 2005ರಲ್ಲಿ 208 ಕೆಲ್ವಿನ್ ತಲುಪಿತ್ತು. ಅದೇ ಅಯಾನು ವೈಎಲ್‌ಎಫ್ (ಯಿಟ್ರಿಯಂ ಲಿಥಿಯಂ ಫ್ಲೋರೈಡ್) ಹರಳಿನಲ್ಲಿ 2010ರಲ್ಲಿ 155ಕ್ಕೆ, 2016ರಲ್ಲಿ 91ಕ್ಕೆ ಇಳಿಯಿತು. ಹರಳಿನಲ್ಲಿ ಪ್ರತಿ ಅಯಾನಿಗೂ ಒಂದೇ ರೀತಿಯ ನೆರೆಹೊರೆ, ಹಾಗಾಗಿ ಹೀರಿಕೆಯ ಗೆರೆ ಚೂಪು, 1020 ನ್ಯಾನೋಮೀಟರಿನಲ್ಲಿ ಎತ್ತರ. ಗಾಜಿನಲ್ಲಿ ಪ್ರತಿ ಅಯಾನಿನ ನೆರೆ ಬೇರೆ, ಗೆರೆ ಹರಡಿಕೊಂಡು ತಗ್ಗಾಗುತ್ತದೆ. 2018ರಲ್ಲಿ ಅವಕೆಂಪು ಸಂವೇದಕವೊಂದನ್ನು 135 ಕೆಲ್ವಿನ್‌ಗೆ ತಣಿಸಿ ತೋರಿಸಿದ, ಚಲಿಸುವ ಭಾಗಗಳೇ ಇಲ್ಲದ ಉಪಕರಣದಲ್ಲಿ ಇದ್ದದ್ದೂ ಹರಳೇ.

ಗಾಜಿನ ಉಷ್ಣವಾಹಕತೆಯೂ ಕಡಿಮೆ: ಮೀಟರಿಗೆ ಕೆಲ್ವಿನ್ನಿಗೆ ಸಿಲಿಕಾದಲ್ಲಿ 1.4 ವ್ಯಾಟ್, ಝೀಬ್ಲಾನಿನಲ್ಲಿ ಅದರ ಅರ್ಧದಷ್ಟು. ಒಳಗೆ ಹುಟ್ಟಿದ ತಂಪನ್ನು ಹೊರಗಿನ ಸಂವೇದಕಕ್ಕೆ ಮುಟ್ಟಿಸಲು ಇದು ಕೆಟ್ಟ ದಾರಿ. ಶೀತಕ ಯಂತ್ರಕ್ಕೆ ಹರಳು, ಲೇಸರ್ ತಂತುವಿಗೆ ಗಾಜು ಎಂಬ ಹಂಚಿಕೆ ಸರಿಯೆಂದು ನಮಗೆ ತೋರುವುದು ಇದರಿಂದಲೇ. ತಂತುವಿನಲ್ಲಿ ಬಿಸಿ ಹುಟ್ಟುವುದೂ ತಂಪು ಹುಟ್ಟುವುದೂ ಒಂದೇ ತಿರುಳಿನಲ್ಲಿ, ಅದೇ ಅಯಾನುಗಳ ಜಾಗದಲ್ಲಿ. ಏನನ್ನೂ ಎಲ್ಲಿಗೂ ಸಾಗಿಸಬೇಕಿಲ್ಲ.

976 ನ್ಯಾನೋಮೀಟರಿನಲ್ಲಿ ಪಂಪ್ ಮಾಡಿ 1070ರಲ್ಲಿ ಲೇಸರ್ ಪಡೆಯುವ ತಂತುವಿನಲ್ಲಿ ಹೀರಿದ ಶಕ್ತಿಯ ಸುಮಾರು ಶೇ 9 ಶಾಖವಾಗುತ್ತದೆ. ಕಿಲೋವ್ಯಾಟ್ ಮಟ್ಟದಲ್ಲಿ ಅದು ನೂರು ವ್ಯಾಟಿನ ಹತ್ತಿರ, ಕೂದಲೆಳೆಯಷ್ಟು ಅಗಲದ ತಿರುಳಿನಲ್ಲಿ. ವಕ್ರೀಭವನ ಸೂಚ್ಯಂಕ ಏರುಪೇರಾಗಿ ಕಿರಣದ ಆಕಾರ ಥಟ್ಟನೆ ಒಡೆಯುತ್ತದೆ. ಸ್ಟೀವನ್ ಬೌಮನ್ 1999ರಲ್ಲಿ ಮುಂದಿಟ್ಟ ವಿಕಿರಣ-ಸಮತೋಲಿತ ಲೇಸರಿನ ಕಲ್ಪನೆ ಈ ಶಾಖವನ್ನು ಪ್ರತಿದೀಪ್ತಿಯಿಂದಲೇ ಹೊರಹಾಕುತ್ತದೆ. 2021ರಲ್ಲಿ ಸಿಲಿಕಾ ತಂತುವಿನಲ್ಲಿ, 1040 ನ್ಯಾನೋಮೀಟರ್ ಪಂಪಿನಿಂದ, ವರ್ಧಕವಾಗಿಯೂ ಲೇಸರಾಗಿಯೂ ಇದು ನಡೆದಿದೆ, ಸದ್ಯಕ್ಕೆ ಚಿಕ್ಕ ಶಕ್ತಿಯಲ್ಲಿ.

ದೊಡ್ಡ ಶಕ್ತಿಗೆ ಹೋಗಲು ಎಷ್ಟು ಬೆಲೆ ತೆರಬೇಕು ಎಂಬುದನ್ನು ಲೆಕ್ಕ ಹಾಕಬಹುದು. ಪಂಪ್ 1040, ಲೇಸರ್ 1065, ಪ್ರತಿದೀಪ್ತಿಯ ಸರಾಸರಿ 1008 ಎನ್ನಿ. ಒಂದು ವ್ಯಾಟ್ ಲೇಸರ್ ತೆಗೆದರೆ 24 ಮಿಲಿವ್ಯಾಟ್ ಶಾಖ. ಎರಡು ದಕ್ಷತೆಗಳ ಗುಣಲಬ್ಧ ಪೂರ್ತಿ 1 ಆದರೆ ಅದನ್ನು ತೊಡೆಯಲು 0.76 ವ್ಯಾಟ್ ಪಂಪನ್ನು ಪ್ರತಿದೀಪ್ತಿಗೆ ಬಿಟ್ಟುಕೊಡಬೇಕು. 0.99 ಆದರೆ 1.12 ವ್ಯಾಟ್. 0.98 ಆದರೆ 2.16. 0.969ಕ್ಕೆ ಬಂದರೆ ಎಷ್ಟು ಬಿಟ್ಟುಕೊಟ್ಟರೂ ಸಮತೋಲವೇ ಇಲ್ಲ. ಆ ಎರಡನೆಯ ದಶಮಾಂಶ ಸ್ಥಾನವನ್ನು ತೀರ್ಮಾನಿಸುವುದು ಕ್ಲೋರಿನ್ ಹಾಯಿಸಿದ ಹೊತ್ತು, ದ್ರಾವಣದಲ್ಲಿ ಉಳಿದ ಕಬ್ಬಿಣ, ಅಲ್ಯೂಮಿನಿಯಂ ಮತ್ತು ಯಿಟರ್ಬಿಯಂಗಳ ಅನುಪಾತ. ಹೆಚ್ಚು ಪಂಪಿನಲ್ಲಿ ತಿಂಗಳುಗಟ್ಟಲೆ ಓಡಿದ ಗಾಜಿನಲ್ಲಿ ಬಣ್ಣದ ಕೇಂದ್ರಗಳು (ಬೆಳಕು ಹೀರುವ ದೋಷಗಳು) ಹುಟ್ಟಿ ಹಿನ್ನೆಲೆ ಹೀರಿಕೆ ಏರುವುದೂ ಇದೇ ಸ್ಥಾನವನ್ನು ಕೆಡಿಸುತ್ತದೆ. ಸೀರಿಯಂ ಅಥವಾ ರಂಜಕ ಸೇರಿಸಿದ ಪಾಕಗಳು ಅದನ್ನು ತಗ್ಗಿಸುತ್ತವೆ. ಹೊಸ ಗಾಜೊಂದು ತಣಿಯಿತೆಂಬ ಸುದ್ದಿ ಬಂದಾಗ ಎಷ್ಟು ಡಿಗ್ರಿ ಎಂದು ಕೇಳುವ ಜೊತೆಗೆ, ನೂರಾರು ಗಂಟೆ ಪಂಪ್ ಆದ ಮೇಲೆ ಆ ಗಾಜಿನ ಶೂನ್ಯದ ಎರಡು ಗಡಿಗಳು ಎಲ್ಲಿಗೆ ಸರಿದವು ಎಂದೂ ಕೇಳಬೇಕು.